ಬೆನ್ನುಹುರಿಯ ಪೆಟ್ಟು, ಸೆಡೆತದ ಮಾತ್ರೆ ಮತ್ತು ಹೃದಯ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಹುಣಸೆಯ ಸುಗ್ಗಿ. ಹೊಲದ ಬದುಗಳಲ್ಲಿ ಹುಣಸೆ ಬಡಿಯುವ ಸದ್ದು ಕೇಳುವ ಈ ದಿನಗಳಲ್ಲಿಯೇ ಮರದಿಂದ ಬಿದ್ದವರ ಸುದ್ದಿಯೂ ಕಿವಿಗೆ ಬೀಳುತ್ತದೆ. ಕೊರಟಗೆರೆಯ ಕಡೆ ತೆಂಗು, ಅಡಿಕೆಯ ಮರಗಳಿಂದ ಬೀಳುವವರು, ಶಿರಾ ಬಳಿ 48ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಬೈಕಿನಿಂದ ಎಸೆಯಲ್ಪಟ್ಟವರು, ಎಲ್ಲ ಕಡೆಯೂ ಕಟ್ಟೆಯಿಲ್ಲದ ಹಾಳುಬಾವಿಗೆ ಬಿದ್ದವರು. ಇವರಲ್ಲಿ ಕೆಲವರಿಗೆ ಬೆನ್ನುಮೂಳೆ ಮುರಿಯುವುದರೊಡನೆ ಅದರೊಳಗಿನ ಬೆನ್ನುಹುರಿಗೂ ಪೆಟ್ಟಾಗುತ್ತದೆ. ಎಲ್ಲಿಂದಲೂ ಬೀಳದೆಯೇ ಬೆನ್ನುಹುರಿ ಕೆಡುವ ದಾರಿಯೊಂದು ನಮ್ಮ ಕಡೆ, ಅದರಲ್ಲಿಯೂ ಪಾವಗಡದಲ್ಲಿ ಇದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1.5 ಮಿಲಿಗ್ರಾಮ್ ಮೀರಬಾರದು. ಅದನ್ನು ಮೀರಿದ ಕೊಳವೆಬಾವಿಯ ನೀರನ್ನೇ ಹತ್ತಾರು ವರ್ಷ ಕುಡಿದವರಲ್ಲಿ ಬೆನ್ನುಮೂಳೆಗಳ ನಡುವಿನ ಕಟ್ಟುಗಳು ಗಟ್ಟಿಯಾಗಿ, ಹುರಿ ಹಾದುಹೋಗುವ ಕೊಳವೆ ಕಿರಿದಾಗಿ, ಕಾಲುಗಳು ಮೆಲ್ಲಗೆ ಸೆಟೆಯುತ್ತಾ ಬರುತ್ತವೆ. ಬೆನ್ನುಮೂಳೆಯ ಕ್ಷಯವೂ ಇಂಥದ್ದೇ ಗತಿ ತರಬಲ್ಲದು.

ಇಂತಹ ರೋಗಿಗಳು ದೊಡ್ಡ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಮುಗಿಸಿ ಊರಿಗೆ ಮರಳಿದ ಮೇಲೆ ನಮ್ಮಂಥ ಆಯುರ್ವೇದ ವೈದ್ಯರ ಬಳಿಗೆ ಬರುವುದು ಸಹಜ. ಬಂದವರ ಮನೆಯವರು ಮೊದಲು ಹೇಳುವ ಮಾತು ಒಂದೇ: “ಪಂಡಿತ್ರೇ, ಈ ಇಂಗ್ಲಿಷ್ ಮಾತ್ರೆ ನಿಲ್ಸಿಬಿಟ್ಟು ನಿಮ್ಮ ಔಷಧಿ ಶುರು ಮಾಡೋಣ. ಅದು ಬರೀ ಕಾಲು ಸಡಿಲ ಮಾಡೋ ಮಾತ್ರೆ ಅಂತೆ.” ಬರೀ ಕಾಲು ಸಡಿಲ ಮಾಡುವ ಮಾತ್ರೆ ಎಂಬ ಈ ಭಾವನೆಯೇ ಅಪಾಯದ ಮೂಲ. ಕಾಲಿನ ಸೆಡೆತಕ್ಕೆಂದು ಕೊಟ್ಟ ಮಾತ್ರೆಗೂ ಹೃದಯಕ್ಕೂ ನಂಟಿದೆ. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಆ ನಂಟು ಇನ್ನೂ ಬಿಗಿಯಾಗಿರುತ್ತದೆ. ಈ ಸಂಚಿಕೆಯಲ್ಲಿ ಅದನ್ನೇ ವಿವರಿಸುತ್ತೇವೆ.

ಹೃದಯಕ್ಕೆ ಎರಡು ಬಗೆಯ ನರಗಳ ಹಿಡಿತವಿದೆ. ಒಂದು, ಅದರ ಬಡಿತವನ್ನು ಚುರುಕುಗೊಳಿಸಿ ರಕ್ತನಾಳಗಳನ್ನು ಬಿಗಿಹಿಡಿಯುವ ನರಗಳು. ಇವು ಮೆದುಳಿನಿಂದ ಬೆನ್ನುಹುರಿಯೊಳಗೇ ಇಳಿದು ಎದೆಯ ಭಾಗದ ಮೇಲಿನ ಐದು ಕಶೇರುಕಗಳ ಮಟ್ಟದಲ್ಲಿ ಹೊರಬಂದು ಹೃದಯವನ್ನು ತಲಪುತ್ತವೆ. ಇನ್ನೊಂದು, ಬಡಿತವನ್ನು ನಿಧಾನಗೊಳಿಸುವ ವೇಗಸ್ ನರ. ಇದು ಬೆನ್ನುಹುರಿಯ ದಾರಿಯನ್ನು ಹಿಡಿಯದೆ ತಲೆಬುರುಡೆಯಿಂದ ನೇರವಾಗಿ ಕುತ್ತಿಗೆಯ ಮೂಲಕ ಇಳಿಯುತ್ತದೆ. ಆದುದರಿಂದ ಕುತ್ತಿಗೆಯಲ್ಲೋ ಎದೆಯ ಮೇಲ್ಭಾಗದಲ್ಲೋ ಹುರಿ ತುಂಡಾದಾಗ ಚುರುಕುಗೊಳಿಸುವ ನರಗಳಿಗೆ ಮೆದುಳಿನ ಅಪ್ಪಣೆ ತಲಪುವುದಿಲ್ಲ. ನಿಧಾನಗೊಳಿಸುವ ನರ ಮಾತ್ರ ಎಂದಿನಂತೆ ಕೆಲಸ ಮಾಡುತ್ತಿರುತ್ತದೆ. ಎರಡು ಎತ್ತಿನ ಗಾಡಿಯಲ್ಲಿ ಒಂದು ಎತ್ತು ಕೊರಳು ಕಳಚಿಕೊಂಡಂತೆ. ಪೆಟ್ಟಾದ ಮೊದಲ ಕೆಲವು ವಾರ ನಾಡಿ ಬಹಳ ನಿಧಾನವಾಗುವುದು ಇದರಿಂದ. ಆಮೇಲೆ ನಾಡಿ ಸುಧಾರಿಸಿದರೂ ರಕ್ತದೊತ್ತಡ ಮೊದಲಿಗಿಂತ ಕೆಳಗೇ ನಿಲ್ಲುವುದುಂಟು. ಕುತ್ತಿಗೆಯ ಮಟ್ಟದಲ್ಲಿ ಪೆಟ್ಟಾದವರಿಗೆ 90/60ರ ಸುಮಾರಿನ ಒತ್ತಡವೇ ಸಹಜವಾಗಿರುತ್ತದೆ; ಎಬ್ಬಿಸಿ ಕೂರಿಸಿದರೆ ಅದೂ ಕುಸಿದು ಕಣ್ಣು ಕತ್ತಲಿಡುತ್ತದೆ. ಎದೆಭಾಗದ ಆರನೆಯ ಕಶೇರುಕಕ್ಕಿಂತ ಕೆಳಗೆ ಪೆಟ್ಟಾದವರಲ್ಲಿ ಈ ತೊಂದರೆ ಬಹಳ ಕಡಿಮೆ. ಹೀಗಾಗಿ ಪೆಟ್ಟು ಯಾವ ಮಟ್ಟದಲ್ಲಿ ಆಗಿದೆ ಎಂಬುದನ್ನು ಪ್ರತಿಯೊಬ್ಬ ರೋಗಿಯ ಮನೆಯವರೂ ಆಸ್ಪತ್ರೆಯ ಕಾಗದದಿಂದ ತಿಳಿದಿಟ್ಟುಕೊಳ್ಳಬೇಕು.

ಪೆಟ್ಟಾದ ಕೆಲವು ವಾರ, ತಿಂಗಳುಗಳ ನಂತರ ಸತ್ತಂತೆ ಬಿದ್ದಿದ್ದ ಕಾಲುಗಳು ತಾವಾಗಿಯೇ ಮಡಚಿಕೊಳ್ಳಲು, ಅದುರಲು, ಮರದಂತೆ ಸೆಟೆಯಲು ತೊಡಗುತ್ತವೆ. ಮನೆಯವರು ಕಾಲಿಗೆ ಜೀವ ಬಂತೆಂದು ಹಿಗ್ಗುತ್ತಾರೆ. ಆ ಹಿಗ್ಗನ್ನು ಮುರಿಯುವುದು ನಮಗೂ ಕಷ್ಟದ ಕೆಲಸ. ಮೆದುಳಿನ ಹತೋಟಿ ತಪ್ಪಿದ ಹುರಿಯ ಕೆಳಭಾಗ ತನ್ನಷ್ಟಕ್ಕೆ ತಾನೇ ಸ್ನಾಯುಗಳನ್ನು ಬಿಗಿಯುತ್ತಿರುವುದರ ಲಕ್ಷಣವದು. ಸ್ವಲ್ಪ ಸೆಡೆತ ಇದ್ದರೆ ನಷ್ಟವಿಲ್ಲ. ನಿಲ್ಲಿಸುವಾಗ, ಹಾಸಿಗೆಯಿಂದ ಎತ್ತುವಾಗ ಅದು ಆಸರೆಯಾಗುತ್ತದೆ. ವಿಪರೀತವಾದರೆ ನಿದ್ರೆಯಿಲ್ಲ, ಕೂರಲಾಗದು, ಚರ್ಮ ಉಜ್ಜಿ ಹಾಸಿಗೆಹುಣ್ಣು ಏಳುತ್ತದೆ. ಆಗ ವೈದ್ಯರು ಕೊಡುವ ಮಾತ್ರೆಗಳಲ್ಲಿ ಮುಖ್ಯವಾದವು ಎರಡು: ಬ್ಯಾಕ್ಲೋಫೆನ್ ಮತ್ತು ಟಿಜಾನಿಡಿನ್. ಡಯಾಜೆಪಾಮ್ ಕೂಡ ಉಂಟು. ಅದರ ಮಂಪರಿನ ವಿಚಾರ ಎಲ್ಲರಿಗೂ ತಿಳಿದಿರುವುದರಿಂದ ವಿಸ್ತರಿಸುವುದಿಲ್ಲ.

ಬ್ಯಾಕ್ಲೋಫೆನ್ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ 1962ರಲ್ಲಿ ತಯಾರಾದದ್ದು, ಅದೂ ಮೂರ್ಛೆರೋಗಕ್ಕೆಂದು. ಮೂರ್ಛೆಗೆ ಅದು ಪ್ರಯೋಜನಕ್ಕೆ ಬರಲಿಲ್ಲ, ಸೆಡೆತಕ್ಕೆ ಬಂತು. ದಿನಕ್ಕೆ ಮೂರು ಬಾರಿ 5 ಮಿಲಿಗ್ರಾಮಿನಿಂದ ಆರಂಭಿಸಿ, ಮೂರು ಮೂರು ದಿನಗಳಿಗೊಮ್ಮೆ ಸ್ವಲ್ಪ ಸ್ವಲ್ಪ ಏರಿಸಿ, ಸಾಮಾನ್ಯವಾಗಿ ದಿನಕ್ಕೆ 80 ಮಿಲಿಗ್ರಾಮ್ ಮೀರದಂತೆ ಕೊಡುವುದು ಕ್ರಮ. ಮೆಲ್ಲಗೆ ಏರಿಸಿದಂತೆಯೇ ಮೆಲ್ಲಗೆ ಇಳಿಸಬೇಕು ಎಂಬುದು ಮಾತ್ರ ಅನೇಕರ ಕಿವಿಗೆ ಬಿದ್ದಿರುವುದಿಲ್ಲ.

ಇದನ್ನು ನಾವು ಕಲಿತದ್ದು ಪುಸ್ತಕದಿಂದಲ್ಲ, ನಮ್ಮದೇ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಮಧುಗಿರಿ ತಾಲ್ಲೂಕಿನ ಹಳ್ಳಿಯೊಂದರಿಂದ ಹುಣಸೆಮರದಿಂದ ಬಿದ್ದಿದ್ದ ಯುವಕನೊಬ್ಬನನ್ನು ಕರೆತಂದರು. ಬಿದ್ದು ಹನ್ನೊಂದು ತಿಂಗಳಾಗಿತ್ತು. ಪೆಟ್ಟು ಎದೆಯ ಮೇಲ್ಭಾಗದಲ್ಲಿ. ಕಾಲಿಗೆ ಹಚ್ಚಲು ತೈಲ, ಒಳಕ್ಕೆ ಕಷಾಯ ಕೊಟ್ಟೆವು. ಈಗ ಯಾವ ಮಾತ್ರೆ ನಡೆಯುತ್ತಿದೆ ಎಂದು ಕೇಳಲಿಲ್ಲ. ಅದನ್ನು ಮುಂದುವರಿಸಿ ಎಂದು ಹೇಳಲೂ ಇಲ್ಲ. ಎರಡು ಬಗೆಯ ಔಷಧಿ ಹೊಟ್ಟೆಯಲ್ಲಿ ಜಗಳವಾಡುತ್ತವೆ ಎಂಬ ನಂಬಿಕೆಯಿಂದ ಆತನ ತಾಯಿ ಅಂದು ಸಂಜೆಯಿಂದಲೇ ದಿನಕ್ಕೆ 60 ಮಿಲಿಗ್ರಾಮಿನ ಬ್ಯಾಕ್ಲೋಫೆನ್ ನಿಲ್ಲಿಸಿ ಮಾತ್ರೆಗಳನ್ನು ಗೋಡೆಯ ಗೂಡಿನಲ್ಲಿ ಇಟ್ಟುಬಿಟ್ಟರು. ಮೂರನೆಯ ದಿನ ಕರೆ ಬಂತು. ಹೋಗಿ ನೋಡಿದರೆ ಮೈ ಸುಡುವ ಜ್ವರ, ಕಾಲುಗಳು ಒನಕೆಯಂತೆ ಸೆಟೆದಿವೆ, ನಾಡಿ ನಿಮಿಷಕ್ಕೆ 140ನ್ನು ದಾಟಿದೆ, ಎಂದೋ ತೀರಿಕೊಂಡ ಅಜ್ಜ ಬಾಗಿಲಲ್ಲಿ ನಿಂತಿದ್ದಾನೆಂದು ಹುಡುಗ ಬೊಬ್ಬಿಡುತ್ತಿದ್ದಾನೆ. ಊರವರು ದೆವ್ವ ಮೆಟ್ಟಿದೆಯೆಂದರು, ನಾವು ವಿಷಮಜ್ವರವೆಂದೆವು. ಎರಡೂ ತಪ್ಪು. ಗೂಡಿನಲ್ಲಿದ್ದ ಸ್ಟ್ರಿಪ್ಪುಗಳು ಕಣ್ಣಿಗೆ ಬಿದ್ದ ಮೇಲೆಯೇ 108ಕ್ಕೆ ಕರೆಮಾಡಿ ತುಮಕೂರಿಗೆ ಕಳುಹಿಸಿದೆವು. ಅಲ್ಲಿಯ ವೈದ್ಯರು ನಿಂತಿದ್ದ ಮಾತ್ರೆಯನ್ನೇ ಮತ್ತೆ ಆರಂಭಿಸಿದರು. ನಾಲ್ಕು ದಿನಗಳಲ್ಲಿ ಆತ ಸ್ಥಿಮಿತಕ್ಕೆ ಬಂದ. ಈಗ ತನ್ನ ಊರಿನಲ್ಲಿ ಗಾಲಿಕುರ್ಚಿಯಲ್ಲಿ ಕುಳಿತೇ ಸಣ್ಣ ಅಂಗಡಿ ನಡೆಸುವ ಕಾಯಕದಲ್ಲಿದ್ದಾನೆ. ಅಂದಿನಿಂದ ನಮ್ಮ ರೋಗಿಯ ಚೀಟಿಯಲ್ಲಿ ಮೊದಲ ಸಾಲು, ಹಾಲಿ ನಡೆಯುತ್ತಿರುವ ಮಾತ್ರೆಗಳು ಯಾವುವು ಎಂಬುದು.

ಬ್ಯಾಕ್ಲೋಫೆನ್ ಥಟ್ಟನೆ ನಿಂತಾಗ ಅದುವರೆಗೆ ಅದು ಅದುಮಿಟ್ಟಿದ್ದ ನರಗಳ ಉದ್ರೇಕ ಒಮ್ಮೆಲೇ ಎದ್ದುನಿಲ್ಲುತ್ತದೆ. ಸೆಡೆತ ಮೊದಲಿಗಿಂತ ಹೆಚ್ಚುತ್ತದೆ, ಜ್ವರ ಏರುತ್ತದೆ, ಹೃದಯ ಓಡುತ್ತದೆ, ಭ್ರಮೆ ಮತ್ತು ಫಿಟ್ಸ್ ಬರಬಹುದು; ಸ್ನಾಯುಗಳೇ ಕರಗಿ ಮೂತ್ರಪಿಂಡ ಕಟ್ಟಿಕೊಂಡು ಸಾವು ಸಂಭವಿಸಿದ ನಿದರ್ಶನಗಳೂ ವೈದ್ಯಸಾಹಿತ್ಯದಲ್ಲಿವೆ. ಹೊಟ್ಟೆಯ ಚರ್ಮದಡಿ ಪಂಪು ಇಟ್ಟು ಈ ಔಷಧವನ್ನು ನೇರವಾಗಿ ಹುರಿಗೆ ಹರಿಸುವವರಲ್ಲಿ ಅಪಾಯ ಇನ್ನೂ ತೀವ್ರ. ಇಲ್ಲಿ ಭಕ್ತರಿಗೆ ಒಂದು ವಿಶೇಷ ಮಾತು. ಮಹಾಶಿವರಾತ್ರಿಯ ಉಪವಾಸವೆಂದು ಮೂರು ಹೊತ್ತಿನ ಮಾತ್ರೆಯನ್ನೂ ಬಿಡುವವರನ್ನು ನಾವು ಕಂಡಿದ್ದೇವೆ. ಮಾತ್ರೆಗೆ ಒಂದು ಗುಟುಕು ನೀರು, ಒಂದು ಲೋಟ ಹಾಲು ಸೇವಿಸಿದರೆ ವ್ರತಕ್ಕೆ ಭಂಗವಿಲ್ಲ. ಸಂಶಯವಿದ್ದವರು ಶ್ರೀಮಠಕ್ಕೆ ಬಂದು ಸ್ವಾಮಿಗಳನ್ನೇ ಕೇಳಬಹುದು.

ಪಾವಗಡದ ಕಡೆಯವರು ಇನ್ನೊಂದು ವಿಷಯ ಗಮನಿಸಬೇಕು. ಬ್ಯಾಕ್ಲೋಫೆನ್ ಬಹುಪಾಲು ಮೂತ್ರಪಿಂಡಗಳ ಮೂಲಕವೇ ದೇಹದಿಂದ ಹೊರಹೋಗುತ್ತದೆ. ಬೆನ್ನುಹುರಿ ಕೆಟ್ಟವರಲ್ಲಿ ಮೂತ್ರಕೋಶ ಸರಿಯಾಗಿ ಖಾಲಿಯಾಗದೆ, ಸೋಂಕು ಮರುಕಳಿಸಿ ಮೂತ್ರಪಿಂಡಗಳು ಸೋಲುವುದುಂಟು. ವರ್ಷಗಟ್ಟಲೆ ಫ್ಲೋರೈಡ್ ನೀರು ಕುಡಿದ ದೇಹದಲ್ಲಿ ಅವುಗಳ ಮೇಲೆ ಮೊದಲೇ ಹೊರೆಯಿರುತ್ತದೆ. ಆಗ ಅದೇ ಪ್ರಮಾಣದ ಮಾತ್ರೆ ದೇಹದಲ್ಲಿ ಶೇಖರವಾಗಿ ಮಂಪರು, ನಿಧಾನ ಉಸಿರು, ಇಳಿದ ರಕ್ತದೊತ್ತಡ ತರುತ್ತದೆ. ವರ್ಷಕ್ಕೆ ಒಮ್ಮೆಯಾದರೂ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಮೊದಲು ಸರಿಹೊಂದುತ್ತಿದ್ದ ಮಾತ್ರೆಯಿಂದ ಇದ್ದಕ್ಕಿದ್ದಂತೆ ತೂಕಡಿಕೆ ಹೆಚ್ಚಿದರೆ ವಯಸ್ಸಾಯಿತೆಂದು ಸುಮ್ಮನಾಗದೆ ವೈದ್ಯರಿಗೆ ತಿಳಿಸಿ.

ಎರಡನೆಯದಾದ ಟಿಜಾನಿಡಿನ್ ಹೃದಯಕ್ಕೆ ಇನ್ನೂ ಹತ್ತಿರದ ಮಾತ್ರೆ. ಇದರ ಸಂಬಂಧಿಯಾದ ಕ್ಲೋನಿಡಿನ್ ಅನ್ನು ರಕ್ತದೊತ್ತಡ ಇಳಿಸಲೆಂದೇ ಕೊಡುತ್ತಾರೆ ಎಂದರೆ ಇದರ ಸ್ವಭಾವ ತಿಳಿದೀತು. ಚುರುಕುಗೊಳಿಸುವ ನರಗಳ ಹಿಡಿತವನ್ನು ಇದು ಇನ್ನಷ್ಟು ಸಡಿಲಿಸುತ್ತದೆ. ಆ ಹಿಡಿತ ಮೊದಲೇ ತಪ್ಪಿಹೋಗಿರುವ ರೋಗಿಯಲ್ಲಿ ಇದರಿಂದ ಒತ್ತಡ ಕುಸಿಯುವುದು, ನಾಡಿ ನಿಧಾನವಾಗುವುದು, ಬಾಯಿ ಒಣಗುವುದು, ತೂಕಡಿಕೆ ಕಾಣಿಸುತ್ತವೆ. ನುಂಗಿದ ಒಂದು ಒಂದೂವರೆ ಗಂಟೆಗೆ ಇದರ ಪ್ರಭಾವ ಶಿಖರ ಮುಟ್ಟುತ್ತದೆ. ಬೆಳಗಿನ ಜಾವ ಮಾತ್ರೆ ನುಂಗಿ, ಖಾಲಿ ಹೊಟ್ಟೆಯಲ್ಲಿ ಸ್ನಾನ ಮಾಡಿಸಿಕೊಂಡು, ಬೆನ್ನಿಗೆ ಆಸರೆಯಿಲ್ಲದೆ ಲಿಂಗಪೂಜೆಗೆ ಕುಳಿತವರು ತಲೆ ತಿರುಗಿ ವಾಲುವುದು ಈ ಸಮಯದಲ್ಲಿಯೇ. ಪೂಜೆಯ ಹೊತ್ತನ್ನಾಗಲಿ ಮಾತ್ರೆಯ ಹೊತ್ತನ್ನಾಗಲಿ ವೈದ್ಯರನ್ನು ಕೇಳಿ ಸ್ವಲ್ಪ ಬದಲಿಸಿಕೊಳ್ಳುವುದು ಲೇಸು. ಹೆಚ್ಚು ಪ್ರಮಾಣದಲ್ಲಿ ದೀರ್ಘಕಾಲ ಸೇವಿಸಿದವರು ಇದನ್ನೂ ಥಟ್ಟನೆ ನಿಲ್ಲಿಸಬಾರದು. ಆಗ ಒತ್ತಡ ಮತ್ತು ನಾಡಿ ಎರಡೂ ಎದುರು ದಿಕ್ಕಿಗೆ ಚಿಮ್ಮುತ್ತವೆ.

ಟಿಜಾನಿಡಿನ್‌ನ ನಿಜವಾದ ಶತ್ರು ಬೇರೊಂದು ಮಾತ್ರೆ: ಸಿಪ್ರೋಫ್ಲಾಕ್ಸಾಸಿನ್. ಓದುಗರು ಇಡೀ ಲೇಖನದಲ್ಲಿ ಒಂದೇ ಒಂದು ಸಂಗತಿಯನ್ನು ನೆನಪಿಡುವುದಾದರೆ ಇದನ್ನು ನೆನಪಿಡಲಿ ಎಂದು ನಮ್ಮ ಬಯಕೆ. ಟಿಜಾನಿಡಿನ್ ಅನ್ನು ಯಕೃತ್ತಿನ ಒಂದು ಕಿಣ್ವ ಕರಗಿಸಿ ಹೊರಹಾಕುತ್ತದೆ. ಸಿಪ್ರೋಫ್ಲಾಕ್ಸಾಸಿನ್ ಆ ಕಿಣ್ವದ ಕೈಕಟ್ಟಿಹಾಕುತ್ತದೆ. ಫಿನ್‌ಲ್ಯಾಂಡಿನ ಹೆಲ್ಸಿಂಕಿಯ ಸಂಶೋಧಕರು 2004ರಲ್ಲಿ ಹತ್ತು ಮಂದಿ ಆರೋಗ್ಯವಂತರಲ್ಲಿ ಇದನ್ನು ಪರೀಕ್ಷಿಸಿದಾಗ, ಮೂರು ದಿನ ಸಿಪ್ರೋಫ್ಲಾಕ್ಸಾಸಿನ್ ಕೊಟ್ಟ ಮೇಲೆ ಅದೇ 4 ಮಿಲಿಗ್ರಾಮಿನ ಒಂದು ಟಿಜಾನಿಡಿನ್ ಮಾತ್ರೆಯಿಂದ ರಕ್ತಕ್ಕೆ ಸೇರಿದ ಒಟ್ಟು ಔಷಧ ಹತ್ತು ಪಟ್ಟಾಯಿತು. ಒಂದು ಮಾತ್ರೆ ನುಂಗಿದವರು ಹತ್ತು ನುಂಗಿದಂತೆ. ಈ ಎರಡನ್ನು ಜೊತೆಗೂಡಿಸಬಾರದೆಂದು ಔಷಧದ ಮಾಹಿತಿಪತ್ರದಲ್ಲಿಯೇ ನಿಷೇಧವಿದೆ. ಆದರೆ ಬೆನ್ನುಹುರಿಯ ರೋಗಿಗೆ ಪದೇಪದೇ ಬರುವ ತೊಂದರೆ ಯಾವುದು? ಮೂತ್ರದ ಸೋಂಕು. ಅದಕ್ಕೆ ನಮ್ಮ ಪೇಟೆಗಳಲ್ಲಿ ಚೀಟಿಯಿಲ್ಲದೆ ಕೈಗೆ ಸಿಗುವ ಮಾತ್ರೆ ಯಾವುದು? ಸಿಪ್ರೋಫ್ಲಾಕ್ಸಾಸಿನ್.

ಪಾವಗಡ ತಾಲ್ಲೂಕಿನ ರೈತರೊಬ್ಬರಿಗೆ ಹೀಗೆಯೇ ಆಯಿತು. ದಿನಕ್ಕೆ ಮೂರು ಬಾರಿ ಟಿಜಾನಿಡಿನ್ ಸೇವಿಸುತ್ತಿದ್ದರು. ಮೂತ್ರದಲ್ಲಿ ಉರಿ, ಕೆಟ್ಟ ವಾಸನೆ ಎಂದು ಮಗ ಪೇಟೆಯ ಔಷಧದಂಗಡಿಯಿಂದ ಐದು ದಿನದ ಸಿಪ್ರೋಫ್ಲಾಕ್ಸಾಸಿನ್ ತಂದ. ಮರುದಿನ ತಿಂಡಿಯ ನಂತರ ಎರಡೂ ಮಾತ್ರೆ ನುಂಗಿಸಿ ಗಾಲಿಕುರ್ಚಿಗೆ ಎತ್ತಿ ಕೂರಿಸಿದ ಸ್ವಲ್ಪ ಹೊತ್ತಿಗೆ ಕಣ್ಣು ಮೇಲಾಯಿತು. ಹೃದಯಾಘಾತವೆಂದು ಮನೆಯಲ್ಲಿ ಗೋಳು. ತಾಲ್ಲೂಕು ಆಸ್ಪತ್ರೆಗೆ ಒಯ್ದಾಗ ಮೇಲಿನ ಒತ್ತಡ ಎಪ್ಪತ್ತನ್ನೂ ಮುಟ್ಟುತ್ತಿರಲಿಲ್ಲ, ನಾಡಿ ನಲವತ್ತರ ಆಸುಪಾಸು. ಮಲಗಿಸಿ, ಕಾಲುಗಳನ್ನು ಎತ್ತರಿಸಿ, ಸಲೈನ್ ಕೊಟ್ಟು ಉಳಿಸಿಕೊಂಡರು; ಸೋಂಕಿಗೆ ಬೇರೆ ಔಷಧ ಬರೆದರು. ಮಗನ ತಪ್ಪೆನ್ನಲು ನಮಗೆ ಮನಸ್ಸಾಗದು. ಆತನಿಗೆ ಯಾರೂ ಹೇಳಿರಲಿಲ್ಲ.

ಟಿಜಾನಿಡಿನ್ ಮಾರುವೇಷದಲ್ಲಿಯೂ ಬರುತ್ತದೆ. ಸೊಂಟನೋವು, ಕತ್ತುನೋವಿಗೆ ಅಂಗಡಿಗಳಲ್ಲಿ ಕೊಡುವ ಎಷ್ಟೋ ಮಾತ್ರೆಗಳು ಅಸಿಕ್ಲೋಫೆನಾಕ್, ಪ್ಯಾರಾಸಿಟಮಾಲ್‌ಗಳೊಡನೆ ಟಿಜಾನಿಡಿನ್ ಬೆರೆತವು. ಒಂದು ಟಿಜಾನಿಡಿನ್ ನಡೆಯುತ್ತಿರುವಾಗಲೇ ನೋವಿನ ಮಾತ್ರೆಯ ರೂಪದಲ್ಲಿ ಇನ್ನೊಂದು ಹೊಟ್ಟೆ ಸೇರುತ್ತದೆ. ಭೇದಿಗೆಂದು ಕೊಡುವ ಟಿನಿಡಜೋಲ್ ಬೇರೆ, ಇದು ಬೇರೆ. ಆದರೆ ಆ ಭೇದಿಯ ಮಾತ್ರೆಯಲ್ಲಿ ಟಿನಿಡಜೋಲ್ ಜೊತೆಗೆ ಸಿಪ್ರೋಫ್ಲಾಕ್ಸಾಸಿನ್ ಬೆರೆತಿರುವುದೂ ಉಂಟು. ಹೆಸರುಗಳ ಈ ಗೋಜಲಿನಲ್ಲಿ ಓದಿದವರೂ ಎಡವುತ್ತಾರೆ. ಸ್ಟ್ರಿಪ್ಪಿನ ಹಿಂಬದಿಯ ಸಣ್ಣ ಅಕ್ಷರವನ್ನು ಶಾಲೆಗೆ ಹೋಗುವ ಮಕ್ಕಳಿಂದಲಾದರೂ ಓದಿಸಿ. ಮನೋರೋಗಕ್ಕೆ ಕೊಡುವ ಫ್ಲುವಾಕ್ಸಮಿನ್ ಸಿಪ್ರೋಫ್ಲಾಕ್ಸಾಸಿನ್‌ಗಿಂತಲೂ ಹೆಚ್ಚಾಗಿ ಟಿಜಾನಿಡಿನ್ ಅನ್ನು ತಡೆಹಿಡಿಯುತ್ತದೆ. ಗರ್ಭನಿರೋಧಕ ಮಾತ್ರೆಗಳೂ ಸ್ವಲ್ಪ ಮಟ್ಟಿಗೆ ಹಾಗೆಯೇ. ರಕ್ತದೊತ್ತಡದ ಮಾತ್ರೆ ಜೊತೆಗಿದ್ದರೆ ಕುಸಿತ ಇಮ್ಮಡಿ.

ಒತ್ತಡ ಕುಸಿಯುವ ವಿಚಾರ ಇದಾದರೆ, ಇದರ ತದ್ವಿರುದ್ಧವಾದ ಇನ್ನೊಂದು ಸ್ಥಿತಿಯೂ ಇದೇ ರೋಗಿಗಳಿಗೆ ಬರುತ್ತದೆ. ಅದನ್ನು ಮಾತ್ರೆಯ ದೋಷವೆಂದು ತಿಳಿದು ಮಾತ್ರೆ ನಿಲ್ಲಿಸುವವರಿರುವುದರಿಂದ ಇಲ್ಲಿ ಹೇಳಲೇಬೇಕು. ಎದೆಭಾಗದ ಆರನೆಯ ಕಶೇರುಕ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಮೂತ್ರಕೋಶ ತುಂಬಿ ಬಿಗಿದಾಗ, ಮಲ ಕಟ್ಟಿದಾಗ, ಹಾಸಿಗೆಹುಣ್ಣು ಕೆಣಕಿದಾಗ ಅದರ ನೋವು ಮೆದುಳಿಗೆ ತಿಳಿಯದಿದ್ದರೂ ಹುರಿಯ ಕೆಳಭಾಗ ಗಾಬರಿಗೊಂಡು ರಕ್ತನಾಳಗಳನ್ನೆಲ್ಲ ಬಿಗಿಯುತ್ತದೆ. ಒತ್ತಡ ಹಠಾತ್ತನೆ ಏರುತ್ತದೆ. ತಲೆ ಸಿಡಿಯುವ ನೋವು, ಕೆಂಪೇರಿದ ಮುಖ, ಪೆಟ್ಟಿನ ಮಟ್ಟಕ್ಕಿಂತ ಮೇಲೆ ಮಾತ್ರ ಬೆವರು, ಮೈ ಜುಮ್ಮೆನ್ನುವುದು ಇದರ ಗುರುತು. ನಾಡಿ ಮಾತ್ರ ಹಲವು ವೇಳೆ ನಿಧಾನವಾಗಿರುತ್ತದೆ. ಗುಟ್‌ಮನ್ ಮತ್ತು ವಿಟ್ಟರಿಜ್ ಎಂಬ ವೈದ್ಯರು ಇಂಗ್ಲೆಂಡಿನಲ್ಲಿ 1947ರಲ್ಲಿ ಮೂತ್ರಕೋಶ ತುಂಬುವುದಕ್ಕೂ ಈ ಏರಿಕೆಗೂ ಇರುವ ಸಂಬಂಧವನ್ನು ವಿವರಿಸಿದರು. ನಮ್ಮ ಚರಕಸಂಹಿತೆಯ ಸಿದ್ಧಿಸ್ಥಾನದಲ್ಲಿ ಹೃದಯ, ಬಸ್ತಿ, ಶಿರಸ್ಸು ಈ ಮೂರನ್ನು ಪ್ರಧಾನ ಮರ್ಮಗಳೆಂದು ಒಂದೇ ಅಧ್ಯಾಯದಲ್ಲಿ ಹೆಣೆದಿದೆ. ಚರಕರಿಗೆ ಈ ಕಾಯಿಲೆಯೇ ಗೊತ್ತಿತ್ತೆಂದು ನಾವು ವಾದಿಸುವುದಿಲ್ಲ. ಆದರೆ ಬಸ್ತಿ ತುಂಬಿ, ಶಿರಸ್ಸು ಸಿಡಿದು, ಹೃದಯದ ಗತಿ ತಪ್ಪುವ ರೋಗಿಯನ್ನು ನೋಡುವಾಗ ಆ ಹೆಣಿಗೆ ನೆನಪಾಗದಿರದು.

ಈ ಎರಡು ಸ್ಥಿತಿಗಳಲ್ಲಿ ಮಾಡಬೇಕಾದ ಕೆಲಸ ಒಂದಕ್ಕೊಂದು ವಿರುದ್ಧ. ಮುಖ ಬಿಳಿಚಿ, ಕಣ್ಣು ಮಂಜಾಗಿ, ಮಾತು ತೊದಲಿದರೆ ಒತ್ತಡ ಕುಸಿದಿದೆ: ಕೂಡಲೇ ಮಲಗಿಸಿ ಕಾಲುಗಳನ್ನು ಎತ್ತರಿಸಿ. ಮುಖ ಕೆಂಪೇರಿ, ಬೆವರಿ, ತಲೆ ಸಿಡಿಯುತ್ತಿದೆಯೆಂದರೆ ಒತ್ತಡ ಏರಿದೆ: ಮಲಗಿಸಲೇಬಾರದು. ನೆಟ್ಟಗೆ ಕೂರಿಸಿ, ಕಾಲುಗಳನ್ನು ಇಳಿಬಿಟ್ಟು, ಉಡುದಾರ, ಬೆಲ್ಟು, ಬಿಗಿಯಾದ ಬಟ್ಟೆ ಸಡಿಲಿಸಿ. ಮೂತ್ರದ ಪೈಪು ಮಡಚಿದೆಯೇ, ಕಟ್ಟಿದೆಯೇ ನೋಡಿ. ಪೈಪಿಲ್ಲದವರಲ್ಲಿ ಮೂತ್ರಕೋಶ ಖಾಲಿಮಾಡಿಸಿ. ತಲೆನೋವೆಂದು ಮಲಗಿಸಿ ನೆತ್ತಿಗೆ ಎಣ್ಣೆ ತಟ್ಟುವುದು ನಮ್ಮ ಮನೆಗಳ ಅಭ್ಯಾಸ. ಇಲ್ಲಿ ಅದು ಮೆದುಳಿನ ರಕ್ತಸ್ರಾವಕ್ಕೆ ದಾರಿಯಾದೀತು. ಕೆಲವು ನಿಮಿಷಗಳಲ್ಲಿ ಇಳಿಯದಿದ್ದರೆ ಕೂರಿಸಿಕೊಂಡೇ ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ 130/90 ಕಂಡು ಪರವಾಗಿಲ್ಲ ಎಂದರೆ, ಎಂದಿನ ಒತ್ತಡ 90/60 ಎಂಬುದನ್ನು ಮನೆಯವರು ಹೇಳಬೇಕು. ಈ ರೋಗಿಗೆ ಅದು ದೊಡ್ಡ ಏರಿಕೆಯೇ.

ಇನ್ನು ಶಸ್ತ್ರಚಿಕಿತ್ಸೆಯ ಸಂದರ್ಭ. ಹಾಸಿಗೆಹುಣ್ಣಿಗೋ, ಮೂತ್ರಕೋಶದ ಕಲ್ಲಿಗೋ ಅರಿವಳಿಕೆ ಕೊಡುವಾಗ ಸ್ನಾಯುಗಳನ್ನು ಕ್ಷಣದಲ್ಲಿ ಸಡಿಲಗೊಳಿಸುವ ಸಕ್ಸಿನೈಲ್‌ಕೋಲಿನ್ ಎಂಬ ಚುಚ್ಚುಮದ್ದು ಬಳಕೆಯಲ್ಲಿದೆ. ಇತರರಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ಬೆನ್ನುಹುರಿಗೆ ಪೆಟ್ಟಾಗಿ ಎರಡು ಮೂರು ದಿನ ಕಳೆದವರಲ್ಲಿ ಮಾತ್ರ, ನರದ ಸಂಪರ್ಕ ತಪ್ಪಿದ ಸ್ನಾಯುಗಳು ತಮ್ಮ ಮೈತುಂಬ ಹೊಸ ಗ್ರಾಹಕಗಳನ್ನು ಬೆಳೆಸಿಕೊಂಡಿರುತ್ತವೆ. ಈ ಮದ್ದು ತಾಗಿದೊಡನೆ ಅವೆಲ್ಲ ಒಟ್ಟಿಗೆ ಬಾಯ್ದೆರೆದು ಪೊಟ್ಯಾಸಿಯಂ ಅನ್ನು ರಕ್ತಕ್ಕೆ ಸುರಿಯುತ್ತವೆ. ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರಬೇಕಾದ ಪೊಟ್ಯಾಸಿಯಂ ನಿಮಿಷಗಳಲ್ಲಿ ಇಮ್ಮಡಿಯಾಗಿ ಹೃದಯ ನಿಂತುಬಿಡಬಹುದು. 1970ರಲ್ಲಿಯೇ ಇದು ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಕನಿಷ್ಠ ಆರು ತಿಂಗಳು, ಅನೇಕರ ಅಭಿಪ್ರಾಯದಲ್ಲಿ ಅದಕ್ಕೂ ಮೀರಿ, ಈ ಮದ್ದನ್ನು ಬಳಸಬಾರದು. ರೋಕುರೋನಿಯಂನಂಥ ಬೇರೆ ಮದ್ದುಗಳಿವೆ. ಅರಿವಳಿಕೆ ತಜ್ಞರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಪೆಟ್ಟು ಬಿದ್ದದ್ದು ಯಾವಾಗ ಎಂದು ಅವರಿಗೆ ಸ್ಪಷ್ಟವಾಗಿ ತಿಳಿಸುವುದು ಮನೆಯವರ ಹೊಣೆ.

ಕೊನೆಯದಾಗಿ ನಮ್ಮ ಮನೆಯ ಮಾತು. ಇಂಗ್ಲಿಷ್ ಮಾತ್ರೆಗೆ ಅಡ್ಡಪರಿಣಾಮವಿದೆ, ನಾಟಿ ಔಷಧಿಗೆ ಇಲ್ಲ ಎಂಬ ಮಾತನ್ನು ನಾವು ನಲವತ್ತು ವರ್ಷಗಳಿಂದ ಕೇಳುತ್ತಿದ್ದೇವೆ, ಒಪ್ಪಿಲ್ಲ. ಕಾಸರಕ ಬೆರೆತ ವಿಷತಿಂದುಕ ವಟಿ, ಅಗ್ನಿತುಂಡಿ ವಟಿಗಳನ್ನು ವಾತರೋಗವೆಂಬ ಒಂದೇ ಹೆಸರಿನಡಿ ಈ ರೋಗಿಗಳಿಗೂ ಕೊಡುವವರಿದ್ದಾರೆ. ಕಾಸರಕದಲ್ಲಿರುವ ಸ್ಟ್ರಿಕ್ನಿನ್ ಬೆನ್ನುಹುರಿಯ ತಡೆಯನ್ನೇ ಕಳಚುವ ವಸ್ತು. ಸೋತ ನರಕ್ಕೆ ಅದು ಬೇಕಾದೀತು. ಸೆಡೆತದಿಂದ ನರಳುವವನಿಗೆ ಕೊಟ್ಟರೆ ಉರಿಯುವ ಒಲೆಗೆ ಸೀಮೆಎಣ್ಣೆ ಸುರಿದಂತೆ. ವತ್ಸನಾಭವಿರುವ ವಾತವಿಧ್ವಂಸನ ರಸದಂಥವು ಶುದ್ಧಿ ಸರಿಯಾಗಿ ಆಗದಿದ್ದರೆ ಹೃದಯದ ಬಡಿತವನ್ನು ಕೆಡಿಸುತ್ತವೆ. ಟಿಜಾನಿಡಿನ್‌ನಿಂದ ನಾಡಿ ಮೊದಲೇ ನಿಧಾನವಾದವರಿಗೆ ಅವು ಬೇಡ. ಮಲಬದ್ಧತೆಗೆ ದಿನವೂ ಹರಳೆಣ್ಣೆ, ಕೆಮ್ಮಿಗೆ ತಿಂಗಳುಗಟ್ಟಲೆ ಅತಿಮಧುರ ಸೇವಿಸಿದರೆ ಪೊಟ್ಯಾಸಿಯಂ ಇಳಿದು ಬಡಿತದ ಲಯ ತಪ್ಪಬಹುದು. ಅಶ್ವಗಂಧ ಒಳ್ಳೆಯದೇ, ಆದರೆ ಬ್ಯಾಕ್ಲೋಫೆನ್‌ನ ಮಂಪರಿಗೆ ತನ್ನದನ್ನೂ ಸೇರಿಸುತ್ತದೆ. ಸಿದ್ಧರಬೆಟ್ಟದಿಂದ ತಂದ ಬೇರು ಎಂದು ಯಾರಾದರೂ ಕೊಟ್ಟರೆ, ಅದು ಯಾವ ಬೇರು ಎಂದು ಕೇಳಿ. ಹೆಸರು ಹೇಳಲಾರದವರ ಕೈಯಿಂದ ತೆಗೆದುಕೊಳ್ಳಬೇಡಿ.

ಸ್ವೇದನದ ವಿಚಾರದಲ್ಲಿಯೂ ಎಚ್ಚರ ಬೇಕು. ಬಿಸಿಯಿಂದ ರಕ್ತನಾಳಗಳು ಹಿಗ್ಗಿ ಒತ್ತಡ ಇಳಿಯುತ್ತದೆ, ಮಾತ್ರೆಯಿಂದಲೂ ಇಳಿಯುತ್ತದೆ. ಎರಡೂ ಒಂದೇ ಗಂಟೆಯಲ್ಲಿ ಸೇರಬಾರದು. ಮೇಲ್ಮಟ್ಟದ ಪೆಟ್ಟಿನವರ ಮೈ ಕೆಳಗೆ ಬೆವರುವುದೇ ಇಲ್ಲವಾದ್ದರಿಂದ ಪಾವಗಡದ ಏಪ್ರಿಲ್ ಬಿಸಿಲೇ ಅವರಿಗೆ ಬೇಡದ ಸ್ವೇದನ. ಸ್ಪರ್ಶವಿಲ್ಲದ ಕಾಲಿಗೆ ಇಟ್ಟಿಗೆ ಶಾಖ, ಉಪ್ಪಿನ ಗಂಟಿನ ಶಾಖ ಕೊಟ್ಟು ಸುಟ್ಟ ಗಾಯಗಳನ್ನು ನಾವು ಲೆಕ್ಕವಿಲ್ಲದಷ್ಟು ಕಂಡಿದ್ದೇವೆ. ಉಗುರುಬೆಚ್ಚಗಿನ ತೈಲದಿಂದ ಮೃದುವಾದ ಅಭ್ಯಂಗ, ದಿನಕ್ಕೆ ಎರಡು ಬಾರಿ ಕೀಲುಗಳನ್ನು ಮೆಲ್ಲಗೆ ಆಡಿಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಇವುಗಳಿಂದ ಸೆಡೆತ ತಗ್ಗುವುದನ್ನು ನೋಡಿದ್ದೇವೆ; ತಗ್ಗಿದಾಗ ಮಾತ್ರೆಯ ಪ್ರಮಾಣವನ್ನು ಅದನ್ನು ಬರೆದ ವೈದ್ಯರೇ ಮೆಲ್ಲಗೆ ಇಳಿಸುತ್ತಾರೆ. ಸೆಡೆತ ಇದ್ದಕ್ಕಿದ್ದಂತೆ ಹೆಚ್ಚಿದರೆ ಮಾತ್ರೆ ಏರಿಸುವ ಮೊದಲು ಮೂತ್ರದ ಸೋಂಕು, ಹುಣ್ಣು, ಒಳಗೆ ಬೆಳೆದ ಉಗುರು ಇದೆಯೇ ಎಂದು ಹುಡುಕಿ. ಕಾರಣ ಹಲವು ಸಲ ಅಲ್ಲೇ ಇರುತ್ತದೆ.

ಮನೆಯಲ್ಲಿ ಒತ್ತಡ ಅಳೆಯುವ ಯಂತ್ರವೊಂದಿದ್ದರೆ ಒಳ್ಳೆಯದು. ಇಲ್ಲದವರು ಆಶಾ ಕಾರ್ಯಕರ್ತೆಯರ ನೆರವು ಪಡೆಯಬಹುದು. ಹೊಸ ಮಾತ್ರೆ ಆರಂಭಿಸಿದ, ಪ್ರಮಾಣ ಬದಲಿಸಿದ ವಾರದಲ್ಲಿ ಮಲಗಿದ್ದಾಗ ಒಮ್ಮೆ, ಕೂರಿಸಿದ ಮೇಲೆ ಒಮ್ಮೆ ಒತ್ತಡ ಮತ್ತು ನಾಡಿ ಬರೆದಿಡಿ. ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿಳಿದರೆ ಮುಂದಿನ ಮಾತ್ರೆಗೆ ಮೊದಲು ವೈದ್ಯರಿಗೆ ಕರೆಮಾಡಿ, ಇಸಿಜಿ ಮಾಡಿಸಿ. ಒಂದು ಗಟ್ಟಿ ಕಾಗದದಲ್ಲಿ ಕನ್ನಡದಲ್ಲಿಯೇ ಇಷ್ಟು ಬರೆಯಿರಿ: ಪೆಟ್ಟಿನ ಮಟ್ಟ, ಪೆಟ್ಟಾದ ದಿನಾಂಕ, ಎಂದಿನ ರಕ್ತದೊತ್ತಡ, ನಡೆಯುತ್ತಿರುವ ಮಾತ್ರೆಗಳ ಹೆಸರು ಮತ್ತು ಹೊತ್ತು. ಅದರ ಕೆಳಗೆ ಮೂರು ಸಾಲು: ‘ಬ್ಯಾಕ್ಲೋಫೆನ್ ಥಟ್ಟನೆ ನಿಲ್ಲಿಸಬಾರದು. ಟಿಜಾನಿಡಿನ್ ಜೊತೆ ಸಿಪ್ರೋಫ್ಲಾಕ್ಸಾಸಿನ್ ಬೇಡ. ಸಕ್ಸಿನೈಲ್‌ಕೋಲಿನ್ ಬೇಡ.’ ನಿಮಗೆ ಅನ್ವಯಿಸದ ಸಾಲನ್ನು ಬಿಡಬಹುದು. ಒಂದು ಪ್ರತಿ ಗಾಲಿಕುರ್ಚಿಯ ಹಿಂದಿನ ಚೀಲದಲ್ಲಿ, ಇನ್ನೊಂದು ಮಾತ್ರೆಯ ಡಬ್ಬಿಯಲ್ಲಿ ಇರಲಿ. ಪ್ರಮಾಣ ಬದಲಾದ ದಿನವೇ ಹಳೆಯ ಚೀಟಿ ಹರಿದುಹಾಕಿ ಹೊಸದನ್ನು ಬರೆಯಿರಿ.